ಪಾಲಕರ ಪಾಲು

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮೇಸ್ತ್ರಿ ಶಾಲೆಯ ಮಕ್ಕಳ ಕಕ್ಕಸಿನಲ್ಲಿ ಮಂಡಿಯೂರಿ ಕೂತಿದ್ದ. ಎರಡೂ ಮಂಡಿಗೆ ಹಳೆಯ ಟ್ಯೂಬಿನ ರಬ್ಬರು ಕಟ್ಟಿಕೊಂಡಿದ್ದ. ಬಲಗಡೆಯ ರಬ್ಬರು ಸವೆದು ತೂತು ಬಿದ್ದಿತ್ತು. ತೂತಿನ ನೇರಕ್ಕೆ ಮಂಡಿಯಲ್ಲೂ ಒಂದು ಹುಣ್ಣು. ಸಿಮೆಂಟಿನ ನೀರು ತಾಗಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದ. ಕೈ ಮಾತ್ರ ನಿಲ್ಲಿಸುತ್ತಿರಲಿಲ್ಲ. ಟೈಲ್ಸ್ ಇಡುವುದು, ಮರದ ಸುತ್ತಿಗೆಯಿಂದ ಎರಡು ಸಲ ತಟ್ಟುವುದು, ರಸಮಟ್ಟ ಇಟ್ಟು ಒಂದು ಕಣ್ಣು ಮುಚ್ಚಿ ನೋಡುವುದು. ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಂತರೆ ಮುಂದಿನದು. ನಿಲ್ಲದಿದ್ದರೆ ಕಿತ್ತು ಮತ್ತೆ ಕೂರಿಸುವುದು.

"ಇಷ್ಟು ನಿಖರ ಯಾರು ನೋಡ್ತಾರಪ್ಪಾ? ಉಚ್ಚೆ ಹೊಯ್ಯೋ ಜಾಗ," ಅಂದೆ.

"ಮಕ್ಕಳು ಜಾರಿ ಬೀಳ್ತಾರಕ್ಕಾ," ಅಂದ. "ನನ್ನ ಮಗಳೂ ಇಲ್ಲಿಗೇ ತಾನೆ ಬರೋದು."

ನಾನು ಆ ಶಾಲೆಯ ಆಯಾ. ಹನ್ನೊಂದು ವರ್ಷ ಅಲ್ಲಿ ಮೂಗು ಒರೆಸಿದ್ದೇನೆ, ಚಡ್ಡಿ ಬದಲಿಸಿದ್ದೇನೆ, ವಾಂತಿ ಬಳಿದಿದ್ದೇನೆ. ಅಕ್ಷರ ಕಲಿತದ್ದೂ ಅಲ್ಲೇ, ಕ್ಲಾಸಿನ ಬಾಗಿಲ ಹೊರಗೆ ಕೂತು, ಮೂರು ನಾಲ್ಕು ವರ್ಷದ ಮಕ್ಕಳ ಜೊತೆ. ಅವರು ಪ್ರತಿವರ್ಷ ಪಾಸಾಗಿ ಹೋದರು. ನಾನು ಅದೇ ಕ್ಲಾಸಿನಲ್ಲಿ ಉಳಿದೆ. ಹಾಗಾಗಿ ನನ್ನ ಓದು ಗಟ್ಟಿ.

ಅದು ಶಿಶುವಿಹಾರ. ಮೂರರಿಂದ ಐದೂವರೆ ವರ್ಷದ ಮಕ್ಕಳು. ಇಲ್ಲಿಂದ ಹೊರಬಿದ್ದವರಿಗೆ ಹಿಂದಿನ ದೊಡ್ಡ ಕಟ್ಟಡದಲ್ಲಿ ಒಂದನೇ ಕ್ಲಾಸು. ನಾಲ್ಕು ಸೀಟಿಗೆ ಒಂದನ್ನು ಇಲ್ಲದವರ ಮಕ್ಕಳಿಗೆ ಕೊಡಬೇಕೆಂದು ಕಾನೂನು. ಕಾನೂನು ಬಂದ ವಾರ ಪ್ರಿನ್ಸಿಪಾಲ್ ಮೇಡಂಗೆ ಜ್ವರ ಬಂದಿತ್ತು. ಜ್ವರ ಇಳಿದ ಮೇಲೆ ಕೊಟ್ಟರು, ಕೊಡದೆ ವಿಧಿಯಿರಲಿಲ್ಲ. ಆದರೆ ಆ ಸೀಟುಗಳಿಗೆ 'ಬಿಟ್ಟಿ ಸೀಟು' ಎಂದು ಹೆಸರಿಟ್ಟರು. ಮೇಸ್ತ್ರಿಯ ಮಗಳು ಬಂದ ವರ್ಷ ಬಿಟ್ಟಿ ಸೀಟಿನ ಮಕ್ಕಳು ಆರು.

ಮೇಡಂ ಮಾತು ಬೆಣ್ಣೆ. ಗದರಿದ್ದನ್ನು ನಾನು ಕಂಡಿಲ್ಲ. ಗದರುವವರನ್ನು ಹೇಗೋ ಸಹಿಸಬಹುದು. ಇವರು ಕುತ್ತಿಗೆ ಕೊಯ್ಯುವಾಗಲೂ 'ನೋವಾಗ್ತಿಲ್ಲ ತಾನೆ?' ಎಂದು ಕೇಳುವ ಪೈಕಿ. ಗೇಟಿನ ಮೇಲೆ ಒಂದು ಬೋರ್ಡು ಹಾಕಿಸಿದ್ದರು: 'ಮಗುವಿನ ಮೊದಲ ಗುರು ಮನೆ. ಬನ್ನಿ, ಕೈಜೋಡಿಸಿ.' ಆ ಬೋರ್ಡಿನ ಧೂಳು ಒರೆಸುವುದೂ ನನ್ನ ಕೆಲಸ. ಕೈಜೋಡಿಸಿ ಎಂದರೆ ಏನೆಂದು ನನಗೆ ಗೊತ್ತಾದದ್ದು ಆ ವರ್ಷ.

ವರ್ಷದ ಮೊದಲ ಸಭೆ. ಅಪ್ಪ ಅಮ್ಮಂದಿರೆಲ್ಲ ಬಂದಿದ್ದರು. ಮೇಡಂ ನಿಂತು ಅರ್ಧ ಗಂಟೆ ಮಾತಾಡಿದರು. ಮನೆಯವರು ಶಾಲೆಗೆ ಬಂದರೆ ಮಗುವಿನ ಬುದ್ಧಿ ಬೆಳೆಯುತ್ತದಂತೆ, ಅಪ್ಪ ಕಥೆ ಹೇಳಿದರೆ ಮಗುವಿನ ಮಾತು ಬೆಳೆಯುತ್ತದಂತೆ. ಸುಳ್ಳಲ್ಲ. ಇವರ ಬಾಯಿಂದ ನಿಜ ಬಂದರೂ ಅದು ಯಾರದೋ ಜೇಬಿಗೆ ಕೈ ಹಾಕಲು ಬಂದಿರುತ್ತದೆ, ಅಷ್ಟೆ.

ಆಮೇಲೆ ಫಾರಂ ಹಂಚಿದರು. ಹಂಚಿದವಳು ನಾನೇ. ಮೇಜಿನ ಮೇಲೆ ಎರಡು ಕಟ್ಟು ಇದ್ದವು. ಬಲಗಡೆಯ ಕಟ್ಟು ದುಡ್ಡು ಕಟ್ಟುವವರಿಗೆ. ಅದರಲ್ಲಿ ಬುಧವಾರದ ಕಥೆಯ ಗಂಟೆ, ಚಿತ್ರ ಬರೆಸುವ ದಿನ, ಗಿಡ ನೆಡುವ ದಿನ, 'ನನ್ನ ವೃತ್ತಿ' ಎಂಬ ಮಾತು. ಯಾವುದು ಬೇಕೋ ಅದಕ್ಕೆ ಗುರುತು ಹಾಕುವುದು. ಎಡಗಡೆಯ ಕಟ್ಟಿನಲ್ಲಿ ಒಂದೇ ಪ್ರಶ್ನೆ: ನಿಮಗೆ ಯಾವ ಕೆಲಸ ಬರುತ್ತದೆ?

ಆರು ಜನರನ್ನು ಪಕ್ಕದ ಕೋಣೆಗೆ ಕರೆದರು. ಇಸ್ತ್ರಿ ಅಂಗಡಿಯ ಅಕ್ಕ, ವ್ಯಾನ್ ಡ್ರೈವರು, ಮಗಳು ದೂರದ ಊರಿಗೆ ದುಡಿಯಲು ಹೋಗಿ ಮೊಮ್ಮಗನನ್ನು ತಾನೇ ಸಾಕುತ್ತಿದ್ದ ಒಬ್ಬ ಅಜ್ಜಿ, ಮೇಸ್ತ್ರಿ, ಇನ್ನಿಬ್ಬರು.

"ನಿಮಗೇನು ಬರುತ್ತೆ?" ಎಂದು ಮೇಡಂ ಇಸ್ತ್ರಿ ಅಕ್ಕನನ್ನು ಕೇಳಿದರು.

"ಇಸ್ತ್ರಿ ಬರುತ್ತೆ. ಹಾಡೂ ಬರುತ್ತೆ," ಅಂದಳು ಆಕೆ, ನಾಚಿಕೊಂಡು.

"ಇಸ್ತ್ರಿ ಅಂತ ಬರೆಯೋಣ."

ಹಾಗೆ ಶಾಲೆಯ ಪರದೆ, ನಾಟಕದ ಬಟ್ಟೆ ಎಲ್ಲ ಆಕೆಯ ತಲೆಗೆ ಬಂತು. ಅಜ್ಜಿಗೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವುದು. ಡ್ರೈವರಿಗೆ ರಜೆಯ ದಿನ ಶಾಲೆಯ ಸಾಮಾನು ಸಾಗಿಸುವುದು.

"ನೀವು?"

"ಟೈಲ್ಸ್ ಮೇಸ್ತ್ರಿ ಮೇಡಂ. ನೆಲ, ಗೋಡೆ ಎರಡೂ."

ಮೇಡಂ ಮುಖ ಅರಳಿತು. ಬಹಳ ದಿನದಿಂದ ಕಾಯುತ್ತಿದ್ದ ಬಸ್ಸು ಬಂದ ಹಾಗೆ.

"ನಿಮ್ಮಂಥವರೇ ನಮ್ಮ ಕುಟುಂಬಕ್ಕೆ ಬೇಕಾಗಿದ್ದು," ಅಂದರು. "ಇಲ್ಲಿ ಹೆಬ್ಬೆಟ್ಟು ಒತ್ತಿ."

ಒತ್ತಿದ. ಗುರುತೇ ಮೂಡಲಿಲ್ಲ. ಬರೀ ಒಂದು ನೀಲಿ ಮಚ್ಚೆ. ಇಪ್ಪತ್ತು ವರ್ಷದ ಸಿಮೆಂಟು ಬೆರಳಿನ ಗೆರೆಗಳನ್ನೆಲ್ಲ ತಿಂದು ಹಾಕಿತ್ತು. "ಪರವಾಗಿಲ್ಲ ಬಿಡಿ," ಅಂದರು ಮೇಡಂ. ಅವರಿಗೆ ಬೇಕಿದ್ದದ್ದು ಕೈ. ಗೆರೆ ಕಟ್ಟಿಕೊಂಡು ಏನು ಮಾಡುತ್ತಾರೆ?

ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಯಾರ ಕೈ, ಯಾರ ಬಾಯಿ ಅಂತ ಗಾದೆ ಮಾಡಿದವನು ಹೇಳಲಿಲ್ಲ.

ಮೇಸ್ತ್ರಿಗೆ ವಾರದಲ್ಲಿ ಆರು ದಿನ ಕಂಟ್ರಾಕ್ಟರನ ಕೆಲಸ. ಏಳನೆಯ ದಿನ ಶಾಲೆ. ಕಕ್ಕಸು ಮುಗಿಯಿತು. ಕೈ ತೊಳೆಯುವ ಕಟ್ಟೆ ಮುಗಿಯಿತು. ಕ್ಲಾಸುಗಳ ಮುಂದಿನ ಓಣಿ ಶುರುವಾಯಿತು. ಅಷ್ಟರಲ್ಲಿ ಶಿಕ್ಷಣ ಕಚೇರಿಯಿಂದ ತಪಾಸಣೆಗೆ ಸಾಹೇಬರು ಬರುತ್ತಾರೆ ಎಂದು ಸುದ್ದಿ ಬಂತು. ಬುಧವಾರವೂ ಬರಬೇಕು ಅಂದರು ಮೇಡಂ. ಬಂದ. ಆ ದಿನದ ಕೂಲಿ ಹೋಯಿತು. ಮನೆಯಲ್ಲಿ ಹೆಂಡತಿ ಕೇಳಿದ್ದಕ್ಕೆ, "ಮಗಳ ಸಲುವಾಗಿ" ಅಂದನಂತೆ.

ಮಗಳನ್ನು ಎಲ್ಲರೂ ಕಡ್ಡಿ ಅಂತಿದ್ದರು. ಹಾಗೇ ಇದ್ದಳು, ಬೆಂಕಿಕಡ್ಡಿಯ ಹಾಗೆ ಸಣಕಲು, ಗೀರಿದರೆ ಹತ್ತಿಕೊಳ್ಳುವವಳು. ಐದು ತುಂಬಿರಲಿಲ್ಲ. ನೂರರವರೆಗೆ ಎಣಿಸುತ್ತಿದ್ದಳು. ನಾಲ್ಕು ಮೂಲೆಯದು, ಮೂರು ಮೂಲೆಯದು, ಓರೆಯಾದ ನಾಲ್ಕು ಮೂಲೆಯದು ಎಲ್ಲ ಬೇರೆ ಬೇರೆ ಎಂದು ಗೊತ್ತಿತ್ತು. ಎಲ್ಲಿಂದ ಗೊತ್ತು? ಸಂಜೆ ಅಪ್ಪ ಒಡೆದ ಟೈಲ್ಸ್ ಚೂರುಗಳನ್ನು ತರುತ್ತಿದ್ದ. ಅವುಗಳ ಅಂಚನ್ನು ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿ ಅವಳ ಮುಂದೆ ಸುರಿಯುತ್ತಿದ್ದ. ಅವಳು ಬಣ್ಣ ಬೇರೆ ಮಾಡುವಳು, ಆಕಾರ ಹೊಂದಿಸುವಳು, ಎಣಿಸುವಳು. ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಅಲ್ಲಿಂದ ಬಂದು ಅಡುಗೆ ಮಾಡುತ್ತಾ, "ಇವತ್ತು ನಲವತ್ತು ಹಾಸಿಗೆ ಬಟ್ಟೆ ಒಗೆದೆ, ಹತ್ತು ಮಡಚಿದೆ, ಇನ್ನೆಷ್ಟು?" ಅಂತ ಕೇಳುವಳು. ಅದು ಆ ಮನೆಯ ಆಟ.

ಒಂದು ದಿನ ಕಡ್ಡಿ ಜೇಬಿನಿಂದ ಚೂರುಗಳನ್ನು ತೆಗೆದು ಕ್ಲಾಸಿನ ನೆಲದ ಮೇಲೆ ಒಂದು ಹೂವು ಜೋಡಿಸಿದಳು. ಎಂಟು ದಳ, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮಕ್ಕಳೆಲ್ಲ ಸುತ್ತ ಕೂತಿದ್ದರು. ಕ್ಲಾಸಿನ ಟೀಚರ್, ಹೊಸ ಹುಡುಗಿ, ಖುಷಿಯಿಂದ ಮೇಡಂ ಅವರನ್ನು ಕರೆದು ತಂದಳು.

ಮೇಡಂ ನೋಡಿದರು. "ಈ ಕಸ ಒಳಗೆ ಹೇಗೆ ಬಂತು?" ಎಂದು ನನ್ನನ್ನು ಕೇಳಿದರು. ಮಗುವನ್ನಲ್ಲ.

ಮರುವಾರ ಒಬ್ಬ ಅಮ್ಮ ಅಂಗಡಿಯಿಂದ ಮರದ ಚೂರುಗಳ ಡಬ್ಬಿ ಕೊಂಡು ತಂದು ಕೊಟ್ಟರು. ಅದೇ ಆಕಾರ, ಅದೇ ಆಟ. ಮೇಡಂ ಆಕೆಯ ಫೋಟೋ ತೆಗೆಸಿ ಗೋಡೆಗೆ ಹಾಕಿಸಿದರು.

ಬುಧವಾರದ ಕಥೆಯ ಗಂಟೆಗೆ ಬರುವವರನ್ನು ನೋಡಬೇಕಿತ್ತು. ಒಬ್ಬರು ಡಾಕ್ಟರು, ಒಬ್ಬರು ಬ್ಯಾಂಕಿನವರು, ಒಬ್ಬರು ಏನು ಮಾಡುತ್ತಾರೋ ಅವರಿಗೂ ಗೊತ್ತಿರಲಿಲ್ಲ. ಪುಟ್ಟ ಕುರ್ಚಿಯಲ್ಲಿ ಕೂತು, ಪುಸ್ತಕ ಮುಖಕ್ಕೆ ಹಿಡಿದು, ಹತ್ತು ನಿಮಿಷ ಓದಿ, ಹದಿನೈದು ನಿಮಿಷ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಮಕ್ಕಳು ಆಕಳಿಸುತ್ತಿದ್ದವು.

ಅಂಥ ಒಂದು ಬುಧವಾರ ಗೋಡೆಯಾಚೆ ಮೇಸ್ತ್ರಿ ಟೈಲ್ಸ್ ಕತ್ತರಿಸುತ್ತಿದ್ದ. ಯಂತ್ರ ಗುಂಯ್ ಎಂದಿತು. ಕಡ್ಡಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

"ನಮ್ಮಪ್ಪ! ನಮ್ಮಪ್ಪ ಬಂದಿದ್ದಾನೆ! ಅವನೂ ಕಥೆ ಹೇಳ್ತಾನಾ?"

ಕಥೆ ಓದುತ್ತಿದ್ದ ಡಾಕ್ಟರು ನಕ್ಕರು. ಮೇಡಂ ನನ್ನ ಕಡೆ ನೋಡಿದರು. ನಾನು ಹೋಗಿ ಯಂತ್ರ ನಿಲ್ಲಿಸಲು ಹೇಳಿದೆ. ಮೇಸ್ತ್ರಿ ಕೈಕಾಲು ತೊಳೆದು, ಮುಖ ಒರೆಸಿಕೊಂಡು, ಕ್ಲಾಸಿನ ಬಾಗಿಲಿಗೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು ಮಗಳಿಗೆ ಕೈ ಬೀಸಿದ.

ಮೇಡಂ ಹತ್ತಿರ ಬಂದು ಮೆಲ್ಲಗೆ ಅಂದರು, "ಇವತ್ತು ನಿಮ್ಮ ಪಾಳಿ ಅಲ್ಲ. ಮೈಮೇಲೆ ಧೂಳಿದೆ ನೋಡಿ. ಮಕ್ಕಳಿಗೆ ಕೆಮ್ಮು ಬರುತ್ತೆ."

"ನನ್ನ ಪಾಳಿ ಯಾವತ್ತು ಮೇಡಂ?"

"ಹೇಳಿ ಕಳಿಸ್ತೀವಿ."

ಹೇಳಿ ಕಳಿಸಿದರು. ತಮ್ಮ ಮನೆಗೆ. ಮೇಡಂ ಮನೆಯ ಸ್ನಾನದ ಕೋಣೆಗೆ ಹೊಸ ಟೈಲ್ಸ್ ಹಾಕಬೇಕಿತ್ತು. ಅದೂ ಪಾಲಕರ ಪಾಲ್ಗೊಳ್ಳುವಿಕೆ. ಮೇಸ್ತ್ರಿ ಮೂರು ಭಾನುವಾರ ಹೋದ. ಮಕ್ಕಳ ಓಣಿಗೆಂದು ಬಂದು ಉಳಿದಿದ್ದ ಹಾಲುಬಿಳುಪು ಟೈಲ್ಸೇ ಅಲ್ಲಿಗೂ ಹೋದವು. ಮೊದಲ ದಿನ ಒಂದು ಲೋಟ ನೀರು ಕೇಳಿದ್ದಕ್ಕೆ ಹಿತ್ತಲ ನಲ್ಲಿ ತೋರಿಸಿದರಂತೆ.

"ಯಾಕೆ ಹೋದೆ ಮಾರಾಯ?" ಎಂದು ನಾನು ಬೈದೆ.

"ಇಲ್ಲ ಅನ್ನೋದು ಹೇಗಕ್ಕಾ? ಜುಟ್ಟು ಅವರ ಕೈಲಿದೆ."

ವರ್ಷ ಮುಗಿಯಲು ಮೂರು ವಾರ ಇರುವಾಗ ಮಕ್ಕಳ ವರದಿ ಕೊಟ್ಟರು. ಬಣ್ಣದ ಹಾಳೆ, ಮೇಲೆ ಮಗುವಿನ ಫೋಟೋ. ಮೇಸ್ತ್ರಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಗೇಟಿನ ಹತ್ತಿರ ನನಗೆ ಕೊಟ್ಟ.

"ಓದಕ್ಕಾ. ಚೆನ್ನಾಗಿ ಬರೆದಿರ್ತಾರೆ."

ಓದಿದೆ. ಎಣಿಕೆ ಉತ್ತಮ. ಮಾತು ಉತ್ತಮ. ಆಕಾರ, ಬಣ್ಣ ಅತ್ಯುತ್ತಮ. ಕೊನೆಯಲ್ಲಿ ಒಂದು ಸಾಲು ಇತ್ತು. ಅದನ್ನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡೆ.

"ಏನಕ್ಕಾ?"

"'ಮನೆಯವರ ಪಾಲ್ಗೊಳ್ಳುವಿಕೆ: ತೃಪ್ತಿಕರವಾಗಿಲ್ಲ. ತಂದೆ ಕಥೆಯ ಗಂಟೆಗೆ ಒಮ್ಮೆಯೂ ಬಂದಿಲ್ಲ. ಮನೆಯಲ್ಲಿ ಮಗುವಿಗೆ ಪುಸ್ತಕ ಓದಿ ಹೇಳುವುದಿಲ್ಲ. ಇಂಥ ವಾತಾವರಣದ ಮಗುವಿಗೆ ನಮ್ಮ ಒಂದನೇ ತರಗತಿ ಸೂಕ್ತವಲ್ಲ.'"

ಮೇಸ್ತ್ರಿ ನಕ್ಕ. ತಮಾಷೆ ಅಂದುಕೊಂಡಿದ್ದ. ನನ್ನ ಮುಖ ನೋಡಿ ನಗು ನಿಂತಿತು.

ನೇರ ಮೇಡಂ ಕೋಣೆಗೆ ಹೋದ. ನಾನೂ ಹಿಂದೆ ಹೋದೆ, ಕೈಯಲ್ಲಿ ಪೊರಕೆ ಹಿಡಿದು. ಪೊರಕೆ ಕೈಯಲ್ಲಿದ್ದರೆ ಯಾವ ಕೋಣೆಯಲ್ಲೂ ಯಾರೂ ನಮ್ಮನ್ನು ನೋಡುವುದಿಲ್ಲ.

"ಮೇಡಂ, ನಾನು ವರ್ಷಪೂರ್ತಿ ಬಂದಿದ್ನಲ್ಲ?"

"ಬಂದಿದ್ರಿ. ತುಂಬ ಸಂತೋಷ. ಆದರೆ ಅದು ಸೇವೆ. ಪಾಲ್ಗೊಳ್ಳುವಿಕೆ ಅಂದರೆ ಮಗುವಿನ ಜೊತೆ ಕೂರೋದು."

"ಕೂರೋಕೆ ಬಂದ್ರೆ ಧೂಳು ಅಂದ್ರಿ."

"ಅದು ಬೇರೆ ವಿಷಯ. ನಿಮ್ಮ ಮಗುವಿಗೆ ಮನೇಲಿ ಓದಿ ಹೇಳ್ತೀರಾ?"

"ನನಗೆ ಓದೋಕೆ ಬರಲ್ಲ ಮೇಡಂ."

"ನೋಡಿ," ಎಂದು ಮೇಡಂ ಕೈ ಚೆಲ್ಲಿದರು, ಬಹಳ ದುಃಖದಿಂದ. "ತಪ್ಪು ನಿಮ್ಮದು ಅಂತ ನಾನು ಹೇಳಲ್ಲ. ಆದರೆ ಮಗುಗೆ ಕಷ್ಟ ಆಗುತ್ತೆ. ಅವಳ ಒಳ್ಳೇದಕ್ಕೇ ಹೇಳ್ತಿದೀನಿ. ಅವಳಿಗೆ ಹೊಂದೋ ಶಾಲೆ ಬೇರೆ ಸಿಗುತ್ತೆ."

"ನಿಮ್ಮ ಮನೆ ಸ್ನಾನದ ಕೋಣೆ..."

"ಅದನ್ನ ಪ್ರೀತಿಯಿಂದ ಮಾಡಿಕೊಟ್ರಿ ಅಂತ ಅಂದುಕೊಂಡಿದ್ದೆ," ಅಂದರು ಮೇಡಂ. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಲೆಕ್ಕ ಇಟ್ಟಿದ್ರಾ?"

ಥೂ! ಹಾವಿಗಾದರೆ ಹಲ್ಲಿನಲ್ಲಿ ಮಾತ್ರ ವಿಷ.

ಅವತ್ತು ಸಂಜೆ ನಾನು ಮನೆಗೆ ಹೋಗಲಿಲ್ಲ. ಮೇಸ್ತ್ರಿಯನ್ನು ಕರೆದುಕೊಂಡು ಇಸ್ತ್ರಿ ಅಂಗಡಿಗೆ ಹೋದೆ. ಅಕ್ಕನ ವರದಿ ಓದಿದೆ. ಅಜ್ಜಿಯನ್ನು, ಡ್ರೈವರನ್ನು, ಇನ್ನಿಬ್ಬರನ್ನು ಅಕ್ಕ ಅಲ್ಲಿಗೇ ಕರೆಸಿದಳು. ಒಂದೊಂದಾಗಿ ಓದಿದೆ. ಮಕ್ಕಳ ಹೆಸರು ಬೇರೆ, ಫೋಟೋ ಬೇರೆ. ಕೊನೆಯ ಸಾಲು ಒಂದೇ. ಒಂದಕ್ಷರವೂ ಆಚೆ ಈಚೆ ಇಲ್ಲ. ಅಜ್ಜಿಯ ಮೊಮ್ಮಗನ ವರದಿಯಲ್ಲೂ 'ತಂದೆ ಕಥೆಯ ಗಂಟೆಗೆ ಬಂದಿಲ್ಲ' ಎಂದಿತ್ತು. ಆ ಮಗುವಿನ ತಂದೆ ಸತ್ತು ಮೂರು ವರ್ಷವಾಗಿತ್ತು.

"ಬಂದಿದ್ರೆ ಆ ಮೇಡಂ ಹೆದರ್ಕೊಂಡು ಓಡಿಹೋಗ್ತಿದ್ಳು," ಅಂದಳು ಅಜ್ಜಿ.

ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಆ ನಗುವಿನಲ್ಲಿ ಏನೋ ಒಂದು ಹರಿದು ಹೋಯಿತು. ಇಷ್ಟು ದಿನ ಪ್ರತಿಯೊಬ್ಬರೂ ತಮ್ಮದೇ ಏನೋ ಕೊರತೆ, ತಮ್ಮ ಮಗುವೇ ಸಾಲದು ಎಂದುಕೊಂಡು ತಲೆ ತಗ್ಗಿಸಿದ್ದರು.

ಮೇಸ್ತ್ರಿಯ ಹೆಂಡತಿ ಕೆಲಸ ಮುಗಿಸಿ ಅಲ್ಲಿಗೇ ಬಂದಳು. ಬ್ಲೀಚಿಂಗ್ ನೀರಿಗೆ ಬಿಳಿಚಿಕೊಂಡ ಕೈ. ವಿಷಯ ಕೇಳಿ ಗಂಡನ ಮೇಲೆ ಹರಿಹಾಯ್ದಳು.

"ನಮ್ಮ ಮನೆ ಬಚ್ಚಲಲ್ಲಿ ನೀರು ನಿಂತು ಒಂದು ವರ್ಷ ಆಯ್ತು. ಅದಕ್ಕೆ ಒಂದು ಮುಷ್ಟಿ ಸಿಮೆಂಟ್ ಹಾಕೋಕೆ ನಿನಗೆ ಪುರುಸೊತ್ತಿಲ್ಲ. ಅವಳ ಮನೇಲಿ ಕನ್ನಡಿ ಹಾಗೆ ಮಾಡಿಕೊಟ್ಟು ಬಂದಿದೀಯ! ಅದರಲ್ಲಿ ಮುಖ ನೋಡ್ಕೊಂಡ್ಯಾ?"

"ಮಗಳ ಸಲುವಾಗಿ..."

"ಮಗಳ ಸಲುವಾಗಿ ಅಂತ ಮಂಡಿಯೂರಿ ಕೂತೋನನ್ನ ಯಾರು ಅಪ್ಪ ಅಂತಾರೆ? ಚಪ್ಪಡಿ ಅಂತಾರೆ. ತುಳೀತಾರೆ."

ಇಸ್ತ್ರಿ ಪೆಟ್ಟಿಗೆಯೊಳಗೆ ಕೆಂಡ ಚಟಚಟ ಎಂದಿತು.

"ಈಗೇನು ಮಾಡೋದು?" ಅಂದ ಡ್ರೈವರು. "ಕಾಲಿಗೆ ಬೀಳೋಣ್ವಾ?"

"ಬೀಳೋದು ಬೇಡ," ಅಂದಳು ಮೇಸ್ತ್ರಿಯ ಹೆಂಡತಿ. "ಬಂದಿಲ್ಲ ಅಂತ ತಾನೆ ತಪ್ಪು? ಹೋಗೋಣ. ಕೂರೋಣ. ಬುಧವಾರ."

ಅದು ವರ್ಷದ ಕೊನೆಯ ಕಥೆಯ ಗಂಟೆ. ಶಾಲೆ ನಡೆಸುವ ಟ್ರಸ್ಟಿನ ಅಧ್ಯಕ್ಷರು ಬರುವವರಿದ್ದರು. ಅದಕ್ಕೇ ಓಣಿಯ ತುಂಬ ಬಲೂನು. ಬಲಗಡೆಯ ಫಾರಂನ ಅಪ್ಪ ಅಮ್ಮಂದಿರು ಇಪ್ಪತ್ತು ಮೂವತ್ತು ಜನ ಬಂದಿದ್ದರು. ಆರು ಮನೆಯವರು ಒಟ್ಟಿಗೆ ಬಂದರು. ಇದ್ದುದರಲ್ಲಿ ಒಳ್ಳೆಯ ಬಟ್ಟೆ, ಎಲ್ಲದಕ್ಕೂ ಇಸ್ತ್ರಿ. ಅವತ್ತು ಇಸ್ತ್ರಿ ಅಕ್ಕ ಶಾಲೆಯ ಪರದೆ ಮುಟ್ಟಿರಲಿಲ್ಲ.

ಬಿಟ್ಟಿ ಸೀಟಿನವರು ಪಕ್ಕದ ಸಣ್ಣ ಬಾಗಿಲಿನಿಂದ ಬರಬೇಕೆಂದು ಅಪ್ಪಣೆ. ದೊಡ್ಡ ಗೇಟಿನ ಬೀಗದ ಕೈ ನನ್ನ ಹತ್ತಿರ. ನಾನು ಗೇಟಿನ ಎರಡೂ ಬಾಗಿಲನ್ನು ಗೋಡೆಗೆ ಬಡಿಯುವಷ್ಟು ತೆಗೆದೆ.

ಅವರು ಒಳಗೆ ಹೋಗಿ ಪುಟ್ಟ ಕುರ್ಚಿಗಳಲ್ಲಿ ಕೂತರು. ಮಕ್ಕಳ ನಡುವೆ. ಮೇಸ್ತ್ರಿಯ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಅಜ್ಜಿ ಕುರ್ಚಿ ಪಕ್ಕಕ್ಕಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದಳು. ಆರು ಮಕ್ಕಳೂ ಓಡಿ ಬಂದು ತಂತಮ್ಮವರ ತೊಡೆ ಏರಿದವು.

ಮೇಡಂ ಬಂದರು. ಅಧ್ಯಕ್ಷರು ಪಕ್ಕದಲ್ಲೇ ಇದ್ದರು. ಹಾಗಾಗಿ ನಗು ಮುಖದ ಮೇಲೆ ಅಂಟಿಸಿದ ಹಾಗೆ ಇತ್ತು.

"ನೀವೆಲ್ಲ? ಇವತ್ತು ಕರೆದಿರಲಿಲ್ಲ ಅಲ್ವಾ?"

"ವರದಿಯಲ್ಲಿ ಬಂದಿಲ್ಲ ಅಂತ ಬರೆದಿದ್ರಿ. ಬಂದಿದೀವಿ," ಅಂದಳು ಮೇಸ್ತ್ರಿಯ ಹೆಂಡತಿ.

ಮೇಡಂ ಒಂದು ಗಳಿಗೆ ಯೋಚಿಸಿದರು. ಆಮೇಲೆ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು, ಎಲ್ಲರಿಗೂ ಕೇಳುವ ಹಾಗೆ, "ಎಷ್ಟು ಸಂತೋಷ! ಹಾಗಾದರೆ ಇವತ್ತಿನ ಕಥೆ ಇವರೇ ಓದಲಿ," ಎಂದು ಮೇಸ್ತ್ರಿಯ ಕೈಗೆ ಕೊಟ್ಟರು. ಓದಲು ಬರುವುದಿಲ್ಲ ಎಂದು ಗೊತ್ತಿದ್ದೇ ಕೊಟ್ಟರು. ಇಂಥ ಕೀಳುತನಕ್ಕೂ ಒಂದು ತರಬೇತಿ ಬೇಕು.

ಮೇಸ್ತ್ರಿ ಪುಸ್ತಕ ತೆರೆದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಡ್ಡಿ ತೊಡೆಯ ಮೇಲಿಂದ ಬಗ್ಗಿ ನೋಡಿದಳು.

"ಅಪ್ಪಾ, ತಲೆಕೆಳಗು!" ಎಂದು ಪುಸ್ತಕ ತಿರುಗಿಸಿ ಕೊಟ್ಟಳು.

ಎಲ್ಲರೂ ನಕ್ಕರು. ಅವನ ಕಿವಿ ಕೆಂಪಾದವು. ಎದ್ದು ಹೋಗುತ್ತಾನೆ ಎಂದು ನಾನು ಹೆದರಿದೆ. ಅವನು ಪುಸ್ತಕ ಮುಚ್ಚಿ ನೆಲದ ಮೇಲಿಟ್ಟ.

"ನನಗೆ ಓದೋಕೆ ಬರಲ್ಲ ಮಕ್ಕಳೇ," ಅಂದ. "ಕಥೆ ಹೇಳ್ಲಾ?"

"ಹೇಳು, ಹೇಳು!"

"ಒಂದೂರಲ್ಲಿ ಒಬ್ಬ ಟೈಲ್ಸ್ ಮೇಸ್ತ್ರಿ ಇದ್ದ. ಅವನಿಗೊಬ್ಬಳು ಮಗಳು."

"ರಾಣಿ ಇದ್ಳಾ?" ಎಂದು ಡಾಕ್ಟರ ಮಗಳು ಕೇಳಿದಳು.

ಮೇಸ್ತ್ರಿ ತಲೆಯೆತ್ತಿ ನೋಡಿದ. "ಇದ್ಳು. ಕಥೆ ಅಂದ್ಮೇಲೆ ರಾಣಿ ಇರದೆ ಇರ್ತಾಳಾ? ರಾಣಿ ಹತ್ರ ಒಂದು ಶಾಲೆ ಇತ್ತು. ನಿನ್ನ ಮಗಳು ಇಲ್ಲಿ ಓದಬೇಕು ಅಂದ್ರೆ ನೀನು ಬಂದು ಕಕ್ಕಸಿಗೆ ಟೈಲ್ಸ್ ಹಾಕಬೇಕು ಅಂದ್ಳು."

ಕಕ್ಕಸು ಎಂದದ್ದೇ ತಡ ಮಕ್ಕಳೆಲ್ಲ ಹೊಟ್ಟೆ ಹಿಡಿದು ನಕ್ಕವು. ಒಂದು ವರ್ಷದಲ್ಲಿ ಆ ಕೋಣೆಯಲ್ಲಿ ಅಂಥ ನಗು ನಾನು ಕೇಳಿರಲಿಲ್ಲ.

"ಆಮೇಲೆ?"

"ಹಾಕಿದ. ನೀವು ಜಾರಿ ಬೀಳಬಾರದು ಅಂತ ಒಂದೊಂದನ್ನೂ ಮಟ್ಟ ಹಿಡಿದು ಹಾಕಿದ. ಆಮೇಲೆ ಓಣಿ ಅಂದ್ಳು. ಹಾಕಿದ. ಆಮೇಲೆ ನಿಮ್ಮ ಓಣಿಗೆ ತಂದಿದ್ದ ಟೈಲ್ಸ್ ನನ್ನ ಮನೆಗೆ ಬೇಕು ಅಂದ್ಳು. ನನ್ನ ಸ್ನಾನದ ಕೋಣೆಗೆ ಹಾಕು ಅಂದ್ಳು."

"ನಮ್ಮ ಟೈಲ್ಸಾ?" ಎಂದು ಒಬ್ಬ ಹುಡುಗ ಎದ್ದು ನಿಂತ.

"ನಿಮ್ಮದೇ."

ಅಧ್ಯಕ್ಷರು ಮೇಡಂ ಕಡೆ ನಿಧಾನವಾಗಿ ತಿರುಗಿದರು. ಮೇಡಂ ಗಡಿಯಾರ ನೋಡುತ್ತಿದ್ದರು.

"ಹೊತ್ತಾಯ್ತು, ಕಥೆ ಮುಗೀತು," ಅಂದರು.

"ಮುಗಿದಿಲ್ಲ!" ಎಂದು ಮಕ್ಕಳು ಕೂಗಿದವು. "ಆಮೇಲೆ?"

"ಆಮೇಲೆ ಮಗಳು ದೊಡ್ಡ ಕ್ಲಾಸಿಗೆ ಹೋಗೋ ಹೊತ್ತು ಬಂತು. ರಾಣಿ ಒಂದು ಚೀಟಿ ಬರೆದ್ಳು. ಇವಳ ಅಪ್ಪ ಶಾಲೆಗೆ ಒಂದಿನಾನೂ ಬಂದಿಲ್ಲ, ಇವಳು ಬೇಡ ಅಂತ."

"ಸುಳ್ಳು!" ಎಂದ ಎದ್ದು ನಿಂತಿದ್ದ ಹುಡುಗ. "ಬಂದಿದ್ದ! ಕೆಲಸ ಮಾಡ್ತಿದ್ದ!"

"ರಾಣಿ ಕೆಟ್ಟೋಳು," ಎಂದಳು ಡಾಕ್ಟರ ಮಗಳು.

"ಆಮೇಲೆ ಏನಾಯ್ತು?"

ಮೇಸ್ತ್ರಿಯ ದನಿ ಸಣ್ಣಗಾಯಿತು. "ಆಮೇಲಿಂದು ನನಗೂ ಗೊತ್ತಿಲ್ಲ ಕಣ್ರಪ್ಪಾ. ಅದನ್ನ ಮೇಡಂ ಹೇಳಬೇಕು."

ಇಪ್ಪತ್ತನಾಲ್ಕು ಪುಟ್ಟ ತಲೆಗಳು ಒಟ್ಟಿಗೆ ತಿರುಗಿದವು. ಆ ಮಕ್ಕಳಿಗೆ ಯಾವ ಫಾರಂ ಎಡಗಡೆಯದು, ಯಾವುದು ಬಲಗಡೆಯದು ಗೊತ್ತಿರಲಿಲ್ಲ. ಕಥೆ ಅರ್ಧಕ್ಕೆ ನಿಂತಿದೆ ಎಂಬುದಷ್ಟೇ ಗೊತ್ತಿತ್ತು.

"ಹೇಳಿ ಮೇಡಂ, ಆಮೇಲೆ?"

"ಆಮೇಲೆ?"

"ಮೇಡಂ, ಆಮೇಲೆ?"

ಹನ್ನೊಂದು ವರ್ಷದಲ್ಲಿ ಮೊದಲ ಸಲ ಮೇಡಂ ಬಾಯಿಂದ ಬೆಣ್ಣೆ ಹೊರಗೆ ಬರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ ಕಿರುಚಿದರು, "ಇವರಿಗೆ ಗೇಟು ತೆಗೆದವರು ಯಾರು?"

"ನಾನು," ಅಂದೆ.

ಮರುದಿನ ನನ್ನ ಕೆಲಸ ಹೋಯಿತು. ಅದು ಬಹಳ ಬೇಗ ಆಗುವ ಕೆಲಸ. ಆರು ಸೀಟಿನ ವಿಷಯ ಮಾತ್ರ ಎಳೆದಾಡಿತು. ಆರು ಮನೆಯವರು ಸರದಿಯ ಮೇಲೆ ಪ್ರತಿದಿನ ಬೆಳಿಗ್ಗೆ ಮಕ್ಕಳ ಕೈ ಹಿಡಿದು ಗೇಟಿನ ಮುಂದೆ ನಿಂತರು. ಒಂಬತ್ತನೆಯ ದಿನ 'ಮರುಪರಿಶೀಲನೆ' ಎಂದು ಒಂದು ಕಾಗದ ಬಂತು. ಆರೂ ಮಕ್ಕಳಿಗೆ ಒಂದನೇ ಕ್ಲಾಸಿನಲ್ಲಿ ಸೀಟು. ಯಾರ ಎದೆಯೂ ಕರಗಿದ್ದಲ್ಲ. ಸ್ನಾನದ ಕೋಣೆಯ ಮಾತು ಶಿಕ್ಷಣ ಕಚೇರಿಯವರೆಗೆ ಹೋಗದಿರಲಿ ಎಂಬ ಭಯ. ಮೇಡಂ ಅದೇ ಕುರ್ಚಿಯಲ್ಲಿ ಇದ್ದಾರೆ. ಮನೆ ಮತ್ತು ಶಾಲೆಯನ್ನು ಬೆಸೆದದ್ದಕ್ಕೆ ಆ ವರ್ಷ ಅವರಿಗೊಂದು ಪ್ರಶಸ್ತಿಯೂ ಬಂತು. ಕೊಟ್ಟವರಿಗೂ ಮಾನವಿಲ್ಲ, ತೆಗೆದುಕೊಂಡವರಿಗೂ ಇಲ್ಲ.

ನಾನು ಈಗ ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಮಡಚುತ್ತೇನೆ. ಹೊಸ ವರ್ಷದ ದಾಖಲಾತಿ ಶುರುವಾದ ದಿನ ರಜೆ ಹಾಕಿ ಶಾಲೆಯ ಗೇಟಿನೆದುರು ರಸ್ತೆಯಾಚೆ ಒಂದು ಪೆಟ್ಟಿಗೆ ಹಾಕಿಕೊಂಡು ಕೂತೆ. ಮೇಸ್ತ್ರಿ ಕೆಲಸಕ್ಕೆ ಹೋಗುವ ಮೊದಲು ಅರ್ಧ ಗಂಟೆ ನನ್ನ ಜೊತೆ ನಿಂತ. ಎಡಗಡೆಯ ಫಾರಂ ಹಿಡಿದು ಹೊರಗೆ ಬಂದವರನ್ನೆಲ್ಲ ಕರೆದ. "ಬನ್ನಿ, ಈ ಅಕ್ಕ ಓದಿ ಹೇಳ್ತಾಳೆ. ಆಮೇಲೆ ಸಹಿ ಹಾಕೋದು ಬಿಡೋದು ನಿಮ್ಮಿಷ್ಟ."

ಗಟ್ಟಿಯಾಗಿ ಓದಿದೆ. ರಸ್ತೆಗೆಲ್ಲ ಕೇಳುವ ಹಾಗೆ. ಮಧ್ಯಾಹ್ನದ ಹೊತ್ತಿಗೆ ಹದಿನೈದು ಜನ ಸೇರಿದ್ದರು.

ಆಗ ಗೇಟಿನಿಂದ ಹೊಸ ಆಯಾ ಬಂದಳು. ಚಿಕ್ಕ ವಯಸ್ಸು, ಕೈಯಲ್ಲಿ ಪೊರಕೆ.

"ನಿಮ್ಮನ್ನ ಇಲ್ಲಿಂದ ಎಬ್ಬಿಸು ಅಂದ್ರು ಮೇಡಂ," ಅಂದಳು.

"ಎಬ್ಬಿಸಮ್ಮಾ," ಅಂದೆ.

ಅವಳು ಒಮ್ಮೆ ಹಿಂದಕ್ಕೆ ತಿರುಗಿ ಮೇಡಂ ಕೋಣೆಯ ಕಿಟಕಿಯ ಕಡೆ ನೋಡಿದಳು. ಆಮೇಲೆ ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಸೆರಗಿನೊಳಗಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ನನ್ನ ಮುಂದೆ ಹಿಡಿದಳು.

"ನನ್ನ ಮಗನ ಫಾರಂ," ಅಂದಳು. "ಮೊದಲು ಇದನ್ನ ಓದಿ."